ಜವಳಿಯಲ್ಲಿ ಯಾರೂ ಕೇಳದ ಬಣ್ಣ

ಬಟ್ಟೆ ಒಗೆಯುವ ಯಂತ್ರದ ತಳದಲ್ಲಿ ಮೊನ್ನೆ ಒಂದು ಪಿನ್ನು ಸಿಕ್ಕಿತು. ಸೀರೆಗೆ ಚುಚ್ಚುವ ಸಾಮಾನ್ಯ ಸೇಫ್ಟಿ ಪಿನ್ನು, ಆದರೆ ಕಪ್ಪು ಬಣ್ಣದ್ದು. ನಮ್ಮ ಮನೆಯಲ್ಲಿ ಕಪ್ಪು ಪಿನ್ನು ಬಳಸುವವಳು ಒಬ್ಬಳೇ, ನನ್ನ ಮಗನ ಮಗಳು ಪ್ರಾಪ್ತಿ. ಅದನ್ನು ಅಂಗೈಯಲ್ಲಿಟ್ಟುಕೊಂಡು ಹಿಂದಿನ ಜಗಲಿಯಲ್ಲಿ ಕುಳಿತೆ. ಯಂತ್ರ ಕೆಟ್ಟುಹೋಗುತ್ತಿತ್ತಲ್ಲ ಎಂಬ ಸಿಟ್ಟು ಮೊದಲು ಬಂತು. ಅದರ ಹಿಂದೆಯೇ ಬಂದ ಸಿಟ್ಟುಗಳು ಹಳೆಯವು. ಸರದಿಯಲ್ಲಿ ನಿಂತೇ ಇದ್ದವು.

ಪಿನ್ನನ್ನು ನಾನು ಹಗುರವಾಗಿ ಕಾಣುವವಳಲ್ಲ. ನನ್ನ ಅಮ್ಮನ ಎಡಗೈ ಬಳೆಯಲ್ಲಿ ಯಾವಾಗಲೂ ಪಿನ್ನುಗಳ ಗೊಂಚಲೊಂದು ತೂಗುತ್ತಿತ್ತು. ಅದೂ ಒಂದು ಆಭರಣವೆಂದೇ ನಾನು ಬಹುಕಾಲ ನಂಬಿದ್ದೆ. ಗುಂಡಿ ಹಾರಿದ ಅಂಗಿ, ಹುಕ್ಕು ಕಿತ್ತ ರವಕೆ, ಜಾರುವ ಚಡ್ಡಿ, ಎಲ್ಲಕ್ಕೂ ಅಮ್ಮನಲ್ಲಿ ಒಂದೇ ಪರಿಹಾರ. "ಬಾ ಇಲ್ಲಿ" ಎಂದು ಕರೆದು, ಬಳೆಯಿಂದ ಒಂದು ಪಿನ್ನು ಕಳಚಿ, ಚುಚ್ಚಿ, ಶಾಲೆಗೆ ಅಟ್ಟುತ್ತಿದ್ದಳು. ಪ್ರಾಪ್ತಿ ಅವೇ ಪಿನ್ನುಗಳನ್ನು ಎಲ್ಲಿಯೂ ಹರಿಯದ ಅಂಗಿಯ ಮೇಲೆ, ಏನನ್ನೂ ಹಿಡಿದು ನಿಲ್ಲಿಸದಂತೆ, ಸಾಲಾಗಿ ಚುಚ್ಚಿಕೊಳ್ಳುತ್ತಾಳೆ.

"ನಮಗೆ ಇದು ಗತಿ ಇಲ್ಲದ್ದಕ್ಕೆ ಇದ್ದದ್ದು" ಎಂದು ಒಮ್ಮೆ ಹೇಳಿದೆ.

"ನನಗೆ ಸ್ಟೈಲಿಗೆ ಅಜ್ಜಿ" ಎಂದಳು. "ನಿಮ್ಮ ಅಮ್ಮ ನನಗಿಂತ ಮೊದಲೇ ಶುರು ಮಾಡಿದ್ದಾರೆ, ಅಷ್ಟೆ."

ಉತ್ತರಗಳಿಗೆ ಅವಳಲ್ಲಿ ಯಾವತ್ತೂ ಕೊರತೆಯಿರಲಿಲ್ಲ. ಕೊರತೆ ಬೇರೆ ಕಡೆ ಇತ್ತೆಂಬುದು ನನಗೆ ತಡವಾಗಿ ತಿಳಿಯಿತು. ಅದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯಲು ಕುಳಿತಿದ್ದೇನೆ.

ನಾನು ಚಿಕ್ಕವಳಿದ್ದಾಗ ನಮ್ಮ ತಂದೆ ವರ್ಷಕ್ಕೊಮ್ಮೆ ದೀಪಾವಳಿಯ ಮುಂಚೆ ಬಂಟ್ವಾಳ ಪೇಟೆಗೆ ಹೋಗಿ ಇಡೀ ಒಂದು ಥಾನು ಬಟ್ಟೆ ತರುತ್ತಿದ್ದರು. ಹೆಣ್ಣುಮಕ್ಕಳಿಗೆ ಅದರ ಲಂಗ, ಗಂಡುಮಕ್ಕಳಿಗೆ ಅದರದೇ ಅಂಗಿ. ಉಳಿದದ್ದು ದಿಂಬಿನ ಚೀಲ. ಇನ್ನೂ ಉಳಿದರೆ ಕಿಟಕಿಗೆ. ರಾತ್ರಿ ದಿಂಬಿಗೆ ಮುಖವಿಟ್ಟರೆ ಬೆಳಗ್ಗೆ ಉಟ್ಟ ಲಂಗವೇ ಕೆನ್ನೆಗೆ ತಾಗುತ್ತಿತ್ತು. ಶಾಲೆಯಲ್ಲಿ ವಾರಿಜಾ ಎಂಬ ಹುಡುಗಿ ನನ್ನನ್ನು ಕಂಡು, "ಇವರ ಮನೆಯ ಕಿಟಕಿ ನಡೆದುಕೊಂಡು ಬಂತು" ಎಂದಳು. ತರಗತಿ ನಕ್ಕಿತು. ಟೀಚರೂ ನಕ್ಕರು, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕದ್ದನ್ನು ನಾನು ಕಂಡಿದ್ದೇನೆ. ಹೋದ ತಿಂಗಳು ಅದೇ ವಾರಿಜಾ ಪೇಟೆಯಲ್ಲಿ ಎದುರಾಗಿ, ನನ್ನ ಎರಡೂ ಕೈ ಹಿಡಿದು, "ಎಷ್ಟು ವರ್ಷ ಆಯ್ತು ಮಾರಾಯ್ತಿ, ನಾವು ಎಷ್ಟು ಅನ್ಯೋನ್ಯ ಇದ್ದದ್ದು" ಎಂದು ಕಣ್ಣು ತುಂಬಿಕೊಂಡಳು. ನಾನು ಕಿಟಕಿಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಅವಳು ಕ್ಷಮೆ ಕೇಳಿಬಿಡುತ್ತಿದ್ದಳು. ಆಮೇಲೆ ನನ್ನ ಹತ್ತಿರ ಏನು ಉಳಿಯುತ್ತಿತ್ತು?

ನನ್ನ ಈ ಗುಣದ ಬಗ್ಗೆ ಮನೆಯಲ್ಲಿ ಆಗಾಗ ಮಾತಾಗುವುದುಂಟು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು; ಹಿಂದಿನ ಹಂತವನ್ನು ಅಳಿಸಿಹಾಕಿ ಮುಂದಿನದನ್ನು ಬರೆಯುವ ಅಭ್ಯಾಸ ನನಗಿಲ್ಲ.

ಆದ್ದರಿಂದ ಜವಳಿಯ ವಿಷಯವನ್ನೂ ಹಂತಹಂತವಾಗಿಯೇ ಹೇಳಬೇಕು. ನಮ್ಮ ಕಡೆ ಮದುವೆ ನಿಶ್ಚಯವಾದರೆ ಮನೆಯವರೆಲ್ಲ ಒಂದು ದಿನ ಒಟ್ಟಾಗಿ ಬಟ್ಟೆಯಂಗಡಿಗೆ ಹೋಗುತ್ತಾರೆ. ಮದುಮಗಳ ಸೀರೆಯಿಂದ ಹಿಡಿದು ಹತ್ತಿರದ ನೆಂಟರಿಗೆಲ್ಲ ಅಂದೇ ಬಟ್ಟೆ ತೆಗೆಯುವುದು. ಇದೇ ಜವಳಿ. ಯಾರಿಗೆ ಯಾವ ಬಣ್ಣ ಎಂಬುದನ್ನು ಮದುವೆಯ ಮನೆಯ ಹಿರಿಯ ಹೆಂಗಸು ತೀರ್ಮಾನಿಸುತ್ತಾಳೆ. ನನ್ನವರು ಇದ್ದಷ್ಟು ಕಾಲ ನನಗೆ ಹಸಿರು, ನೀಲಿ, ಕುಂಕುಮದ ಬಣ್ಣ, ಹೀಗೆ ಏನಾದರೊಂದು ಬರುತ್ತಿತ್ತು. ಅವರು ಹೋದ ಮೇಲಿನ ಮೊದಲ ಜವಳಿಯಲ್ಲಿ ನನ್ನ ನಾದಿನಿ ಸುಲೋಚನಾ ಬೂದಿ ಬಣ್ಣದ ಸೀರೆಯೊಂದನ್ನು ನನ್ನ ಮಡಿಲಲ್ಲಿಟ್ಟು, ಅಂಗಡಿಯವನಿಗೆ "ಅತ್ತಿಗೆಗೆ ಸಿಂಪಲ್ ಇಷ್ಟ" ಎಂದಳು. ಇಷ್ಟವೇ ಎಂದು ನನ್ನನ್ನು ಕೇಳಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಜವಳಿಗೂ ಕೆನೆ, ಬೂದಿ, ಒಣಹುಲ್ಲು. ನನ್ನ ಕಪಾಟಿನ ಬಾಗಿಲು ತೆರೆದರೆ ಆಷಾಢದ ಆಕಾಶ.

ಬೇಡವೆನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನು ಕಾಯುತ್ತಿದ್ದೆ. ಯಾರಾದರೂ ಕೇಳಲಿ, ಆಗ ಹೇಳೋಣ ಎಂದು ಕಾಯುತ್ತಿದ್ದೆ. ಕೇಳದವರಿಗೆ ಉತ್ತರ ಕೊಡುವುದು ನನ್ನ ಶಿಸ್ತಿನಲ್ಲಿಲ್ಲ.

ಇನ್ನು ಪ್ರಾಪ್ತಿ. ಉಜಿರೆಯ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದಾಳೆ. ಮೊದಲ ರಜೆಗೆ ಬಂದಾಗಲೇ ಅವಳ ಕೂದಲು ಒಂದು ಕಿವಿಯ ಮೇಲೆ ಉದ್ದ, ಇನ್ನೊಂದರ ಮೇಲೆ ಗಿಡ್ಡ. ಉಗುರು ಕಪ್ಪು. ಕಣ್ಣಿನ ಕೆಳಗೆ ಕಾಡಿಗೆಯನ್ನು ನಿದ್ದೆಗೆಟ್ಟವಳಂತೆ ಒರೆಸಿಕೊಂಡದ್ದು. ಪ್ಯಾಂಟಿನ ಪಕ್ಕದಲ್ಲಿ ನಾಯಿಯ ಸಂಕೋಲೆಯಂಥದ್ದು ತೂಗುತ್ತಿತ್ತು. ಗೇಟಿನ ಹತ್ತಿರ ಅದರ ಸದ್ದು ಕೇಳಿ ನಮ್ಮ ನಾಯಿ ಎದ್ದು ನಿಂತಿತ್ತು. ಇದೆಲ್ಲ ನನಗೆ ಸೊಗಸಾಗಿ ಕಂಡಿತೆಂದು ಸುಳ್ಳು ಹೇಳಲಾರೆ. ಬೇಕೆಂದೇ ಮೊಣಕಾಲು ಹರಿದ ಪ್ಯಾಂಟನ್ನು ಹಣ ಕೊಟ್ಟು ತರುವುದು ಇಂದಿಗೂ ನನಗೆ ಒಂದು ವೈಯಕ್ತಿಕ ಅವಮಾನದಂತೆಯೇ ತೋರುತ್ತದೆ. ಆದರೆ ಆ ಹುಡುಗಿ ಕನ್ನಡಿಯ ಮುಂದೆ ನಿಂತು ತನಗೆ ಏನು ಬೇಕೆಂದು ತಾನೇ ತೀರ್ಮಾನಿಸಿದ್ದಳು. ನಮ್ಮ ವಂಶದಲ್ಲಿ ಅದು ನಡೆದದ್ದು ಅದೇ ಮೊದಲು.

ಹೋದ ವರ್ಷ ಸುಲೋಚನಾಳ ಮಗನಿಗೆ ಮದುವೆ ನಿಶ್ಚಯವಾಯಿತು. ಅವಳ ಮನೆಯಿರುವುದು ಮೂಡುಬಿದಿರೆಯಲ್ಲಿ, ಜವಳಿಯೂ ಅಲ್ಲಿಯೇ. ಮನೆತನದ ಹುಡುಗಿಯರೆಲ್ಲ ಒಂದೇ ಬಣ್ಣದ ಲೆಹೆಂಗಾ ಹಾಕುವುದೆಂದು ವಾಟ್ಸಾಪಿನಲ್ಲಿ ಮೊದಲೇ ತೀರ್ಮಾನವಾಗಿತ್ತು. ಪೀಚ್ ಎಂಬುದು ಅದರ ಹೆಸರು. ನನ್ನ ಕಣ್ಣಿಗೆ ಅದು ಗಾಯ ಮಾಗಿದ ಮೇಲಿನ ಚರ್ಮದ ಬಣ್ಣ. ಥಾನಿನ ಕಾಲ ಮುಗಿಯಿತೆಂದು ನಾನು ತಿಳಿದದ್ದು ತಪ್ಪಾಗಿತ್ತು. ಈಗ ಅದಕ್ಕೆ ಮಣಿ ಪೋಣಿಸುತ್ತಾರೆ, ಅಷ್ಟೆ.

"ನಾನು ಪೀಚ್ ಹಾಕುವುದಿಲ್ಲ" ಎಂದಳು ಪ್ರಾಪ್ತಿ, ಅಂಗಡಿಯ ಸ್ಟೂಲಿನ ಮೇಲೆ ಕುಳಿತುಕೊಂಡೇ. "ಕಪ್ಪು ಇದ್ದರೆ ಹಾಕ್ತೇನೆ."

ಸುಲೋಚನಾ ಲೆಹೆಂಗಾ ಮಡಚುವುದನ್ನು ನಿಲ್ಲಿಸಿದಳು. "ನೀನು ಬರುವುದು ಮದುವೆಗಾ, ಬೊಜ್ಜಕ್ಕಾ?"

ಬೊಜ್ಜವೆಂದರೆ ಸತ್ತವರ ಉತ್ತರಕ್ರಿಯೆ. ನಮ್ಮ ಮನೆಮಾತು ತುಳು. ಅದರಲ್ಲಿ ಈ ಪ್ರಶ್ನೆ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಅಂಗಡಿಯ ಹುಡುಗಿಯರು ಪರಸ್ಪರ ನೋಡಿಕೊಂಡರು.

"ಬೊಜ್ಜಕ್ಕೆ ಕಪ್ಪು ಯಾರು ಹಾಕ್ತಾರೆ?" ಎಂದಳು ಪ್ರಾಪ್ತಿ. "ಅಲ್ಲಿಗೆ ಎಲ್ಲರೂ ಬರುವುದು ಇಂಥದ್ದರಲ್ಲಿ." ಅವಳು ತೋರಿಸಿದ್ದು ನನ್ನ ಮಡಿಲನ್ನು. ಅಷ್ಟರಲ್ಲಾಗಲೇ ಒಂದು ಬೂದಿ ಬಣ್ಣದ ಸೀರೆ ಅಲ್ಲಿಗೆ ಬಂದು ಕುಳಿತಿತ್ತು. "ಅಜ್ಜಿಗೆ ಯಾವುದು ಬೇಕು ಅಂತ ಕೇಳಿದ್ದೀರಾ?"

ಅವಳ ತಾಯಿ, ನನ್ನ ಸೊಸೆ ವಿದ್ಯಾ, ಮಗಳ ತೋಳು ಹಿಡಿದಳು. "ಬಾಯಿ ಮುಚ್ಚು. ಪೀಚ್ ಹಾಕದಿದ್ದರೆ ನೀನು ಮದುವೆಗೆ ಬರುವುದೇ ಬೇಡ. ಹಾಸ್ಟೆಲಿನಲ್ಲೇ ಕೂತುಕೋ."

"ಆಯ್ತು. ಬರುವುದಿಲ್ಲ."

ಕೇಳುವವರು ಕೊನೆಗೂ ಬಂದಿದ್ದರು, ಅದೂ ಮೂಗಿನ ಪಕ್ಕದಲ್ಲಿ ಮೊಡವೆಯಿರುವ ಹದಿನಾರರ ಹುಡುಗಿಯ ರೂಪದಲ್ಲಿ. ಸೀರೆಯನ್ನು ಮೇಜಿನ ಮೇಲಿಟ್ಟು, "ಅವಳ ಬಟ್ಟೆ ನಾನು ತೆಗೆದುಕೊಡುತ್ತೇನೆ. ನನ್ನದನ್ನೂ ನಾನೇ ನೋಡಿಕೊಳ್ಳುತ್ತೇನೆ. ನಾವಿಬ್ಬರೂ ಮದುವೆಗೆ ಬರುತ್ತೇವೆ" ಎಂದೆ. ಸುಲೋಚನಾ ಆ ಸೀರೆಯನ್ನು ಆದರೂ ಕಟ್ಟಿಸಿ ಕೊಟ್ಟಳು. ಬೇಡವೆಂದದ್ದನ್ನು ಕೇಳಿಸಿಕೊಳ್ಳದಿರುವುದರಲ್ಲಿ ಆಕೆಗೆ ಸರಿಸಾಟಿಯಿಲ್ಲ.

ಹೀಗೆ ನಾನೂ ಪ್ರಾಪ್ತಿಯೂ ಬಟ್ಟೆಗೆ ಹೊರಟೆವು. ನರಿಕೊಂಬಿನ ನಮ್ಮ ಮನೆಯಿಂದ ಹತ್ತಿರವೆಂದು ಮೊದಲು ಬಂಟ್ವಾಳದ ಅಂಗಡಿಗಳು. ಅವಳು ಫೋನಿನಲ್ಲಿ ಯಾವುದೋ ದೇಶದ ಹುಡುಗಿಯ ಚಿತ್ರ ತೋರಿಸುವಳು: ನೆಲಕ್ಕೆ ತಾಗುವ ಕಪ್ಪು ಲಂಗ, ಮೇಲೆ ಗಂಡಸರ ಅಳತೆಯ ಕಪ್ಪು ಅಂಗಿ, ಕಾಲಿಗೆ ಬೂಟು. ಅಂಗಡಿಯವರು ಚಿತ್ರವನ್ನು ನೋಡುವರು, ನನ್ನನ್ನು ನೋಡುವರು, ಮತ್ತೆ ಚಿತ್ರವನ್ನು ನೋಡುವರು. "ಇದರಲ್ಲೇ ಸ್ವಲ್ಪ ಗೋಲ್ಡನ್ ವರ್ಕ್ ಇದ್ದದ್ದು ಕೊಡ್ತೇನೆ" ಎಂದು ಒಬ್ಬ. "ಫಂಕ್ಷನ್‌ಗೆ ಪ್ಲೇನ್ ಬ್ಲ್ಯಾಕ್ ಯಾರೂ ತೆಗೆಯುವುದಿಲ್ಲ ಅಮ್ಮ" ಎಂದು ಇನ್ನೊಬ್ಬ. ಮಡಂತ್ಯಾರಿನ ಅಂಗಡಿಯಾಕೆ ನನ್ನನ್ನು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ, "ಮಗುವಿಗೆ ಏನಾದರೂ ಬೇಜಾರು ಉಂಟಾ?" ಎಂದು ಕೇಳಿದಳು. ಬೇಜಾರಾದದ್ದು ನನಗೆ ಎಂದೆ. ಆಕೆಗೆ ಅರ್ಥವಾಗಲಿಲ್ಲ.

ಬೆಳ್ತಂಗಡಿಯ ಅಂಗಡಿಯಲ್ಲಿ ಮಾತ್ರ, "ಕಪ್ಪು ಉಂಟಾ?" ಎಂದು ನಾನು ಕೇಳಿದ ಕೂಡಲೇ ಮಾರುವವನ ಮುಖ ಅರಳಿತು. "ಎಷ್ಟು ಬೇಕು ಹೇಳಿ" ಎಂದು ಕಪ್ಪು ಬಟ್ಟೆಯ ಕಟ್ಟುಗಳನ್ನು ಒಂದರ ಮೇಲೊಂದು ಇಳಿಸತೊಡಗಿದ. ಸೊಂಟಕ್ಕೆ ಉಡುವ ಕಪ್ಪು ಮುಂಡು, ಕಪ್ಪು ಅಂಗಿ, ಹೆಗಲಿಗೆ ಹಾಕುವ ಕಪ್ಪು ಬೈರಾಸು. ಪ್ರಾಪ್ತಿಯ ಕಣ್ಣು ಅರಳಿದ್ದನ್ನು ನೋಡಬೇಕಿತ್ತು. ಬಾಗಿಲು ತೆರೆದ ಗುಹೆಯ ಮುಂದೆ ನಿಂತವಳಂತೆ ನಿಂತಿದ್ದಳು.

"ಮನೆಯಲ್ಲಿ ಮಾಲೆ ಹಾಕುವುದು ಯಾರು?" ಎಂದು ಆತ ಕೇಳಿದ ಮೇಲೆಯೇ ನನಗೆ ಹೊಳೆದದ್ದು. ಶಬರಿಮಲೆಯ ವ್ರತದ ಕಾಲ ಹತ್ತಿರವಾಗಿತ್ತು.

"ಇವಳಿಗೆ" ಎಂದೆ.

ಆತ ಪ್ರಾಪ್ತಿಯ ಬೂಟಿನಿಂದ ಕೂದಲಿನವರೆಗೆ ನೋಡಿದ. "ಹುಡುಗಿಯರು ಹೋಗ್ಲಿಕ್ಕಿಲ್ಲವಲ್ಲ ಅಮ್ಮ."

"ಶಬರಿಮಲೆಗೆ ಅಲ್ಲ ಅಣ್ಣ" ಎಂದಳು ಪ್ರಾಪ್ತಿ, "ಮೂಡುಬಿದಿರೆಗೆ."

ಆತ ನಕ್ಕುಬಿಟ್ಟ. ನಾನೂ ನಕ್ಕೆ. ಅಂಗಡಿಯೊಂದರಲ್ಲಿ ನಾನು ನಕ್ಕದ್ದು ಯಾವ ಕಾಲಕ್ಕೋ.

ನನ್ನ ವಾದ ಸರಳವಾಗಿತ್ತು, ಈಗಲೂ ಹಾಗೆಯೇ ಇದೆ. ದೇವರ ವ್ರತಕ್ಕೆ ಉಡುವ ಬಣ್ಣ ಮದುವೆಗೆ ಅಶುಭವಾಗುವುದು ಹೇಗೆ? ಮಾಲೆ ಹಾಕಿದವರು ಮನೆಗೆ ಬಂದರೆ ಎದ್ದು ನಿಂತು ಕೈಮುಗಿಯುವ ಜನ, ಅದೇ ಬಣ್ಣವನ್ನು ಹುಡುಗಿಯೊಬ್ಬಳು ಉಟ್ಟರೆ ಬೊಜ್ಜ ನೆನೆಯುವುದೇಕೆ? ಈ ಪ್ರಶ್ನೆಯನ್ನು ಅನೇಕರಲ್ಲಿ ಕೇಳಿದ್ದೇನೆ. "ಅದು ಬೇರೆ, ಇದು ಬೇರೆ" ಎಂಬುದು ಎಲ್ಲರ ಉತ್ತರ. ನನ್ನ ತರಗತಿಯಲ್ಲಿ ಇಂಥ ಉತ್ತರಕ್ಕೆ ನಾನು ಅಂಕ ಕೊಟ್ಟವಳಲ್ಲ.

ಮುಂಡನ್ನೂ ಅಂಗಿಯನ್ನೂ ತೆಗೆದುಕೊಂಡೆವು. ಹೊರಡುವಷ್ಟರಲ್ಲಿ ಪ್ರಾಪ್ತಿ ಸೀರೆಯ ಕಪಾಟಿನತ್ತ ಕೈ ತೋರಿಸಿದಳು. ಕಪ್ಪು ಒಡಲು, ಕೆಂಪು ಅಂಚು, ಅಂಚಿನ ಒಳಗೆ ಕೂದಲೆಳೆಯಷ್ಟು ಜರಿ.

"ಅದು ನಿಮಗೆ" ಎಂದಳು.

"ನನಗೆ ಯಾಕೆ ಈ ವಯಸ್ಸಿಗೆ?"

"ಬೇಕಾ ಬೇಡವಾ, ಅಷ್ಟು ಹೇಳಿ."

"ಬೇಕು" ಎಂದೆ. ಅಷ್ಟು ಗಟ್ಟಿಯಾಗಿ ಹೇಳುವ ಉದ್ದೇಶವಿರಲಿಲ್ಲ. ಗಲ್ಲಾದಲ್ಲಿ ಕುಳಿತವನೂ ತಿರುಗಿ ನೋಡಿದ.

ಮುಂಡನ್ನು ಲಂಗ ಮಾಡಿದ್ದು ನಾನೇ, ನನ್ನ ಹಳೆಯ ಹೊಲಿಗೆಯಂತ್ರದಲ್ಲಿ. ಆ ಒಂದು ವಾರಾಂತ್ಯ ನಾವಿಬ್ಬರೂ ಸಾಕಷ್ಟು ಜಗಳಾಡಿದೆವು. ಕೆಳಗಿನ ಅಂಚನ್ನು ಹೊಲಿಯದೆ ನೂಲು ಬಿಚ್ಚಿಕೊಂಡಂತೆ ಬಿಡಬೇಕೆಂದು ಅವಳು. ಅಂಚು ಹೊಲಿಯದ ಬಟ್ಟೆ ನನ್ನ ಯಂತ್ರದಿಂದ ಹೊರಗೆ ಹೋಗುವುದಿಲ್ಲವೆಂದು ನಾನು. "ಇದು ಹರಿದ ಹಾಗೆಯೇ ಕಾಣಬೇಕು ಅಜ್ಜಿ." "ಹರಿದದ್ದು ಹಾಕಿ ನನಗೆ ಸಾಕಾಗಿದೆ." ಕೊನೆಗೆ ಅಂಚು ಹೊಲಿದೆ, ಅಂಚಿನ ಮೇಲೆ ಅವಳು ಸುತ್ತಲೂ ಕಪ್ಪು ಪಿನ್ನುಗಳನ್ನು ಚುಚ್ಚಿದಳು. ಅವಳು ನಡೆದರೆ ಸಣ್ಣಗೆ ಗಲಗಲ ಸದ್ದು. ಕಣ್ಣು ಮುಚ್ಚಿ ಕೇಳಿದರೆ ಅಡಿಗೆಮನೆಯಲ್ಲಿ ಅಮ್ಮ ಕೈಯಾಡಿಸಿದ ಹಾಗೆಯೇ. ಇದನ್ನು ಅವಳಿಗೆ ಹೇಳಲಿಲ್ಲ. ಎಲ್ಲವನ್ನೂ ಮಕ್ಕಳಿಗೆ ಹೇಳಬೇಕಾಗಿಲ್ಲ.

"ನೀವು ಆ ಸೀರೆ ಉಡ್ತೀರಲ್ಲ? ಕೊನೆಗೆ ಬೂದಿ ಉಟ್ಟುಕೊಂಡು ಬಂದರೆ ನಾನು ಮಾತಾಡುವುದಿಲ್ಲ" ಎಂದಳು ಹೊರಡುವಾಗ. ನನ್ನ ಮೇಲೆಯೇ ಅವಳಿಗೆ ಸಂಶಯ. ನಾನು ಮಾತು ಕೊಟ್ಟೆ. ಅವಳೂ ಕೊಟ್ಟಳು.

ಮದುವೆಯ ಹಿಂದಿನ ದಿನ ಮೆಹಂದಿಗೆಂದು ವಿದ್ಯಾ ಮಗಳನ್ನು ಕರೆದುಕೊಂಡು ಮೂಡುಬಿದಿರೆಗೆ ಹೋದಳು. ಪ್ರಾಪ್ತಿಯ ಲಂಗ ಚೀಲದಲ್ಲಿತ್ತು. ನಾನೇ ಇಸ್ತ್ರಿ ಹಾಕಿ ಇಟ್ಟದ್ದು. ಮರುದಿನ ಬೆಳಗ್ಗೆ ಮಗನ ಕಾರಿನಲ್ಲಿ ನಾನು. ಕಪ್ಪು ಸೀರೆ ಉಟ್ಟು, ಕೆಂಪು ಅಂಚನ್ನು ನೆರಿಗೆ ನೆರಿಗೆಯಾಗಿ ಕೂರಿಸಿ, ಹೊರಡುವ ಮುಂಚೆ ಕನ್ನಡಿಯಲ್ಲಿ ನೋಡಿಕೊಂಡಿದ್ದೆ. ಮಗ ಒಮ್ಮೆ ನೋಡಿ, "ಅಮ್ಮ, ಇದು..." ಎಂದು ಶುರು ಮಾಡಿ, ನನ್ನ ಮುಖ ಕಂಡು, ಕಾರು ಚಾಲೂ ಮಾಡಿದ. ಅವನ ಜೀವಮಾನದ ಬುದ್ಧಿವಂತಿಕೆಯ ಕೆಲಸಗಳಲ್ಲಿ ಅದೂ ಒಂದು.

ಸಭಾಭವನದ ಬಾಗಿಲಲ್ಲಿ ಪನ್ನೀರು ಚಿಮುಕಿಸಲು ಹುಡುಗಿಯರು ಸಾಲಾಗಿ ನಿಂತಿದ್ದರು. ಎಲ್ಲರೂ ಪೀಚ್. ಪ್ರಾಪ್ತಿ ಎಲ್ಲಿ ಎಂದು ನಾನು ಅವರ ಹಿಂದೆ, ಬದಿಯಲ್ಲಿ, ಕುರ್ಚಿಗಳ ನಡುವೆ ಹುಡುಕಿದೆ. ಅವಳು ನನ್ನ ಎದುರೇ ನಿಂತಿದ್ದಳು, ಸಾಲಿನಲ್ಲಿ ಮೂರನೆಯವಳಾಗಿ. ಕೂದಲನ್ನು ಯಾರೋ ಬಾಚಿ ಹೂ ಮುಡಿಸಿ ಎರಡು ಬದಿಯನ್ನೂ ಸಮ ಮಾಡಿದ್ದರು. ಲೆಹೆಂಗಾ ಅವಳ ಅಳತೆಗೆ ಸರಿಯಾಗಿತ್ತು. ಅಂದರೆ ಅಂದೇ, ಜವಳಿಯ ದಿನವೇ, ಅವಳ ಪಾಲಿನದನ್ನೂ ಹೊಲಿಯಲು ಕೊಟ್ಟಿದ್ದರು. ನಾವು ಊರೂರು ಅಲೆದದ್ದನ್ನೆಲ್ಲ ಅವರು ಆಟವೆಂದು ನೋಡುತ್ತಿದ್ದರು.

"ಅಜ್ಜಿ" ಎಂದಳು. ಪನ್ನೀರಿನ ದಾನಿ ಅವಳ ಕೈಯಲ್ಲಿ ಹಾಗೆಯೇ ನಿಂತಿತು. "ನಿನ್ನೆ ಎಲ್ಲರೂ ಸೇರಿ ಹೇಳಿದರು. ಮಾಲೆ ಹಾಕುವ ಸ್ವಾಮಿಗಳ ಬಟ್ಟೆಯನ್ನು ಲಂಗ ಮಾಡಿದ್ದು ದೋಷ ಅಂತ. ಮದುಮಗನಿಗೆ ಏನಾದರೂ ಆದರೆ ನನ್ನಿಂದ ಅಂತ. ಅಮ್ಮ ಅತ್ತರು. ಒಂದು ದಿವಸ ಅಲ್ವಾ ಅಂತ..."

ಒಂದು ದಿವಸ ಅಲ್ಲವೇ. ಈ ಮಾತನ್ನು ನಾನು ಬಲ್ಲೆ. ನನ್ನ ಕಪಾಟು ತುಂಬಿದ್ದು ಇಂಥ ಒಂದೊಂದು ದಿವಸಗಳಿಂದಲೇ.

ಸುಲೋಚನಾ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅತ್ತಿಗೆ, ನಾವು ಕೊಟ್ಟ ಸೀರೆ ಆಗಲಿಲ್ವಾ?" ಎಂದಳು.

"ಆಗಲಿಲ್ಲ" ಎಂದೆ.

ಧಾರೆಯಾದ ಮೇಲೆ ಮನೆತನದ ಫೋಟೋಕ್ಕೆ ವೇದಿಕೆಗೆ ಕರೆದರು. ನಾನು ಮದುಮಗನ ಹಿರಿಯ ಅತ್ತೆ. ನನ್ನ ಜಾಗ ಅವನ ಪಕ್ಕದಲ್ಲಿ. ನಿಂತೆ. ಸುಲೋಚನಾ ಫೋಟೋದವನ ಕಿವಿಯಲ್ಲಿ ಏನೋ ಹೇಳಿದಳು. "ಅಜ್ಜಿ, ನೀವು ಸ್ವಲ್ಪ ಹಿಂದೆ ಹೋಗಿ, ಮುಖ ಮಾತ್ರ ಕಂಡರೆ ಸಾಕು. ಕಲರ್ ಮ್ಯಾಚ್ ಆಗುವುದಿಲ್ಲ" ಎಂದ ಆತ. ಮುಂದಿನ ಸಾಲಿನಲ್ಲಿ ಪೀಚ್ ಹುಡುಗಿಯರು. ನಾನು ಪ್ರಾಪ್ತಿಯನ್ನು ನೋಡಿದೆ. ಜವಳಿಯ ಅಂಗಡಿಯಲ್ಲಿ ಅಷ್ಟು ಸಲೀಸಾಗಿ ಬಂದ ಪ್ರಶ್ನೆ, ಅಜ್ಜಿಯನ್ನು ಕೇಳಿದ್ದೀರಾ ಎಂಬ ಪ್ರಶ್ನೆ, ಈಗ ಬರಬಹುದೆಂದು ಕಾದೆ. ಅವಳು ತನ್ನ ಕೈಯ ಮೆಹಂದಿಯನ್ನು ನೋಡುತ್ತಿದ್ದಳು.

ನಾನು ಹಿಂದೆ ಹೋಗಲಿಲ್ಲ. ವೇದಿಕೆಯ ಮೆಟ್ಟಿಲಿಳಿದು ಬಂದು ಕುರ್ಚಿಯಲ್ಲಿ ಕುಳಿತೆ. ಪಕ್ಕದಲ್ಲಿದ್ದ ಹೆಣ್ಣಿನ ಕಡೆಯ ಹೆಂಗಸೊಬ್ಬರು ನನ್ನ ಸೆರಗನ್ನು ಮುಟ್ಟಿ, "ಸೀರೆ ಭಾರೀ ಲಾಯ್ಕ ಉಂಟು. ನೀವೇ ಆರಿಸಿದ್ದಾ?" ಎಂದರು. ನನ್ನನ್ನು ಆ ದಿನ ಏನನ್ನಾದರೂ ಕೇಳಿದ್ದು ಅವರೊಬ್ಬರೇ. "ಮೊಮ್ಮಗಳು ಆರಿಸಿದ್ದು" ಎಂದು ವೇದಿಕೆಯತ್ತ ತೋರಿಸಿದೆ. ಅವರು ಆ ಪೀಚ್ ಸಾಲನ್ನು ನೋಡಿ, "ಯಾವುದು?" ಎಂದರು. ಬೆರಳು ಮಾಡಿ ತೋರಿಸುವ ಮನಸ್ಸಾಗಲಿಲ್ಲ.

ಆಲ್ಬಮ್ ಬಂದಿದೆ. ಆ ಚಿತ್ರದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ; ಪ್ರಾಪ್ತಿಯೊಬ್ಬಳು ಬದಿಗೆ, ನಾನು ಕುಳಿತಿದ್ದ ಕಡೆಗೆ ನೋಡುತ್ತಿದ್ದಾಳೆ. ಮಗ ಅದನ್ನು ನನಗೆ ತೋರಿಸಿ, "ನೋಡಿ ಅಮ್ಮ, ಅವಳಿಗೂ ಬೇಸರ ಆಗಿದೆ" ಎಂದ. ಆಗಿರಬಹುದು. ಬೇಸರ ನನಗೂ ಆಗಿತ್ತು. ಆದರೆ ನಾನು ಕೊಟ್ಟ ಮಾತಿನಂತೆ ಕಪ್ಪನ್ನೇ ಉಟ್ಟುಕೊಂಡು ಹೋಗಿದ್ದೆ.

ಈಗ ಪಿನ್ನಿನ ವಿಷಯ. ಲಂಗವನ್ನು ಅವಳು ಉಜಿರೆಗೆ ಒಯ್ದಿದ್ದಳಂತೆ. ಹೋದ ವಾರ ರಜೆಗೆ ಬಂದವಳು ಅದನ್ನು ಯಂತ್ರಕ್ಕೆ ಹಾಕಿ ಒಗೆದು ಒಣಗಿಸಿದಳು. ಕಾಲೇಜಿನ ಸಮಾರಂಭಕ್ಕೆ ಹಾಕಿದ್ದೆ, ಎಲ್ಲರೂ ಕೇಳಿದರು, ಅಜ್ಜಿ ಹೊಲಿದದ್ದು ಎಂದು ಹೇಳಿದೆ ಎಂದಳು. ಗೆಳತಿಯರ ನಡುವೆ, ಎಲ್ಲರೂ ಮೆಚ್ಚುವ ಕಡೆ, ಕಪ್ಪು ಉಡಲು ಧೈರ್ಯ ಬೇಕಾಗಿಲ್ಲ. ಹಾಗೆಂದು ನಾನು ಹೇಳಿದೆ. ಅವಳು ತಲೆ ತಗ್ಗಿಸಿ ಬೂಟಿನ ದಾರ ಕಟ್ಟುತ್ತಿದ್ದಳು. "ಮೇ ತಿಂಗಳಲ್ಲಿ ಇನ್ನೊಂದು ಮದುವೆ ಉಂಟಲ್ಲ" ಎಂದಳು. "ಬಟ್ಟೆಗೆ ಹೋಗುವ, ಅಜ್ಜಿ. ನಾವಿಬ್ಬರೇ."

"ತೆಗೆದದ್ದನ್ನು ಈ ಮನೆಯಲ್ಲೇ ಹಾಕಿಕೊಂಡು ನನ್ನ ಜೊತೆಗೆ ಹೊರಡುವುದಾದರೆ ಬರುತ್ತೇನೆ."

ಅವಳು ದಾರದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. "ನೋಡುವ" ಎಂದಳು.

ಮರುದಿನ ಬಸ್ಸು ಹತ್ತಿ ಹೋದಳು. ಆಮೇಲೆಯೇ ನನಗೆ ಪಿನ್ನು ಸಿಕ್ಕಿದ್ದು. ಅದನ್ನು ಒರೆಸಿ ಎಡಗೈ ಬಳೆಗೆ ಸಿಕ್ಕಿಸಿಕೊಂಡಿದ್ದೇನೆ. ಬರೆಯುವಾಗ ಮೇಜಿಗೆ ತಾಗಿ ಸದ್ದಾಗುತ್ತದೆ. ಫೋನು ಮಾಡಿ, ನಿನ್ನ ಪಿನ್ನು ನನ್ನ ಹತ್ತಿರ ಇದೆ ಎಂದು ತಿಳಿಸಬಹುದಿತ್ತು. ತಿಳಿಸಿಲ್ಲ. ಅಂಚಿನ ಸುತ್ತಲಿನ ಸಾಲಿನಲ್ಲಿ ಒಂದು ಕಡಿಮೆಯಾದದ್ದು ಅವಳಿಗೇ ಕಾಣಬೇಕು. ಕೇಳಿದರೆ ಕೊಡುತ್ತೇನೆ. ಕೇಳಬೇಕು.